ಆಂಟೆನಾದ ಅರ್ಧ ಭಾಗ ಕಾರಿನ ಛಾವಣಿಯೇ

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಕೈಗೆ ಬಂದ ಹುರುಪಿನಲ್ಲಿ ಕಾರಿಗೆ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ) ರೇಡಿಯೋ ಸೆಟ್ ಕೂರಿಸಲು ಹೊರಟವರು ಮೊದಲು ಕೇಳುವುದು, ಆಂಟೆನಾ ಎಷ್ಟು ಉದ್ದದ್ದು ಬೇಕು ಅಂತ. ಉದ್ದ ಇದ್ದಷ್ಟೂ ಸಿಗ್ನಲ್ ಜೋರು ಎಂಬ ನಂಬಿಕೆಗೆ ಇನ್ನೂ ಸಾವಿಲ್ಲ. ಹಿಂದಿನ ಬಂಪರಿಗೆ ಆಳುದ್ದದ ಕಡ್ಡಿ ನಿಲ್ಲಿಸಿ ಮೆರೆಯುವ ಜೀಪುಗಳನ್ನು ನೋಡಿದ್ದೀರಲ್ಲ? ಆ ಕಡ್ಡಿಯ ಬುಡದಲ್ಲಿ ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಹ್ಯಾಮ್‌ಗಳ ಕಾರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 144ರಿಂದ 146 ಮೆಗಾಹರ್ಟ್ಸ್ ಆವರ್ತನದ ಪಟ್ಟಿ. ಅಲ್ಲಿ ಒಂದು ತರಂಗದ ಉದ್ದ ಸುಮಾರು 2 ಮೀಟರ್. ಅದರ ಕಾಲುಭಾಗ, ಅಂದರೆ ಅರ್ಧ ಮೀಟರಿನ ಕಡ್ಡಿ ಧಾರಾಳವಾಯಿತು. ಆದರೆ ಸೆಟ್‌ನಿಂದ ಬರುವ ಕೇಬಲ್‌ನಲ್ಲಿ ಎರಡು ವಾಹಕಗಳಿವೆ, ನಡುವೆ ಒಂದು ತಂತಿ, ಅದರ ಸುತ್ತ ಒಂದು ಜಾಲರಿ. ನಡುವಿನ ತಂತಿಯಿಂದ ಎಷ್ಟು ಕರೆಂಟ್ ಕಡ್ಡಿಗೆ ಏರುತ್ತದೋ ಅಷ್ಟೇ ಕರೆಂಟ್ ಜಾಲರಿಗೆ ಎಲ್ಲಿಂದಲಾದರೂ ಬರಲೇಬೇಕು. ಕಡ್ಡಿ ಛಾವಣಿಯ ನಟ್ಟನಡುವೆ ಇದ್ದರೆ ಆ ಕರೆಂಟ್ ಸುತ್ತಲಿನ ತಗಡಿನಿಂದ, ಎಲ್ಲ ದಿಕ್ಕುಗಳಿಂದಲೂ ಸಮನಾಗಿ, ಬುಡದ ಕಡೆಗೆ ಹರಿದು ಬರುತ್ತದೆ. ಮರುಕ್ಷಣ ದಿಕ್ಕು ಬದಲಿಸಿ ಹಿಂದಕ್ಕೋಡುತ್ತದೆ. ಸೆಕೆಂಡಿಗೆ ಹದಿನಾಲ್ಕೂವರೆ ಕೋಟಿ ಸಲ ಈ ಹೋಗಿಬರುವ ಆಟ.

ಇದರ ಫಲ ನನಗೆ ಇಂದಿಗೂ ಸೋಜಿಗ. ಕೆರೆಯಂಚಿನ ತೆಂಗಿನ ಮರದ ಕೆಳಗೆ ತಲೆಕೆಳಗಾದ ಇನ್ನೊಂದು ಮರ ಕಾಣುತ್ತದಲ್ಲ, ಹಾಗೆ ಛಾವಣಿಯ ಕೆಳಗೂ ಅರ್ಧ ಮೀಟರಿನ ಇನ್ನೊಂದು ಕಡ್ಡಿ ಇದ್ದಂತೆ ತರಂಗಗಳು ಹೊರಡುತ್ತವೆ. ದೂರದ ಕೇಳುಗನಿಗೆ ಸಿಗುವುದು ಒಂದು ಮೀಟರಿನ ಪೂರ್ತಿ ಆಂಟೆನಾದ ದನಿ. ಕಡ್ಡಿಯನ್ನು ಬಂಪರಿಗೆ ಇಳಿಸಿದಿರೋ, ತಗಡು ಒಂದೇ ಮಗ್ಗುಲಿಗೆ ಉಳಿಯುತ್ತದೆ. ಮೇಲಾಗಿ ಕಾರಿನ ಮೈ ಅಡ್ಡ ನಿಲ್ಲುತ್ತದೆ. ಸಿಗ್ನಲ್ ಒಂದು ಕಡೆ ಚೆನ್ನಾಗಿ ಹೋಗಿ ಇನ್ನೊಂದು ಕಡೆ ಸೊರಗುತ್ತದೆ.

‘ಟೈರು ರಬ್ಬರಿನದು, ಅರ್ಥಿಂಗ್ ಸಿಗಲ್ಲ, ಒಂದು ಸರಪಳಿ ನೇತುಹಾಕಿ’ ಎಂಬ ಸಲಹೆಯನ್ನು ಓದಿದವರೂ ಕೊಡುತ್ತಾರೆ. ಈ ಕೆಲಸಕ್ಕೆ ಮಣ್ಣಿನ ಹಂಗೇ ಇಲ್ಲ, ತಗಡು ಸಾಕು. ಆ ಸರಪಳಿಗೂ ಮುಂದೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿಗೂ ರೇಡಿಯೋ ಮಟ್ಟಿಗೆ ವ್ಯತ್ಯಾಸವಿಲ್ಲ. ಮ್ಯಾಗ್ನೆಟ್ ಬುಡದ ಆಂಟೆನಾವಂತೂ ತಗಡಿಗೆ ತಾಗುವುದೂ ಇಲ್ಲ, ನಡುವೆ ಪೇಂಟ್ ಇದೆ. ಆದರೆ ಅಂಗೈಯಗಲದ ಬುಡ, ಕೂದಲೆಳೆಯಷ್ಟು ದಪ್ಪದ ಪೇಂಟ್, ಕೆಳಗೆ ತಗಡು, ಈ ಮೂರೂ ಸೇರಿದರೆ ಒಂದು ಕೆಪಾಸಿಟರ್, ಅಂದರೆ ಹೋಗಿಬರುವ ಕರೆಂಟನ್ನು ತಾಗದೆಯೇ ದಾಟಿಸುವ ಸಾಧನ. 145 ಮೆಗಾಹರ್ಟ್ಸ್‌ನಲ್ಲಿ ಅದು ಒಡ್ಡುವ ಅಡ್ಡಿ ಒಂದೆರಡು ಓಮ್ ಅಷ್ಟೇ, ಕರೆಂಟ್ ದಾಟಿಹೋಗುತ್ತದೆ. 7 ಮೆಗಾಹರ್ಟ್ಸ್‌ನ ಶಾರ್ಟ್‌ವೇವ್‌ನಲ್ಲಿ ಅದೇ ಅಡ್ಡಿ ಇಪ್ಪತ್ತು ಪಟ್ಟು ಹೆಚ್ಚುವುದರಿಂದ ಅಲ್ಲಿ ಮ್ಯಾಗ್ನೆಟ್ ನಂಬಿದವರು ಕೆಡುತ್ತಾರೆ. ಪೇಂಟ್ ಕೆರೆದು ಬೋಲ್ಟ್ ಹಾಕಬೇಕು.

ವಾಹನಕ್ಕೆ ರೇಡಿಯೋ ಕೂರಿಸುವ ಈ ಸಾಹಸಕ್ಕೆ ನೂರಿಪ್ಪತ್ತು ವರ್ಷ ದಾಟಿತು. 1901ರಲ್ಲೇ ಮಾರ್ಕೋನಿ ರಸ್ತೆಯಲ್ಲಿ ಓಡುವ ಒಂದು ಉಗಿಬಂಡಿಯ ಛಾವಣಿಗೆ ಎತ್ತರದ ಸಿಲಿಂಡರ್ ಆಂಟೆನಾ ನಿಲ್ಲಿಸಿದ್ದ. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರ ಕಾರುಗಳಿಗೆ ರೇಡಿಯೋ ಬಂತು. ಆದರೆ ಕೇಳಬಹುದಿತ್ತು, ಉತ್ತರಿಸುವಂತಿರಲಿಲ್ಲ. ಎರಡೂ ಕಡೆಯ ಮಾತು ಶುರುವಾದದ್ದು 1933ರಲ್ಲಿ, ನ್ಯೂಜೆರ್ಸಿಯ ಬೆಯಾನ್ ಪೊಲೀಸರಲ್ಲಿ. 1946ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕಾರಿಗೆ ಟೆಲಿಫೋನೇ ಬಂತು, ತೂಕ ಮೂವತ್ತು ಕಿಲೋ ಮೀರಿ. ಡಿಕ್ಕಿ ತುಂಬಿತ್ತೆನ್ನಿ.

ಈಗಿನ ಸೆಟ್ ಅಂಗೈಯಲ್ಲಿ ಹಿಡಿಯುತ್ತದೆ, ಆದರೆ ಹಸಿವು ಸಣ್ಣದಲ್ಲ. 50 ವಾಟ್ ಹೊರಹಾಕುವ ಸೆಟ್ ಮಾತಾಡುವಾಗ ಹತ್ತು ಆಂಪಿಯರ್ ಎಳೆಯುತ್ತದೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿ ಕೈತೊಳೆದುಕೊಳ್ಳುವವರು ಲೆಕ್ಕ ಹಾಕಲಿ: ಒಂದೂವರೆ ಚದರ ಮಿಲಿಮೀಟರಿನ ತಂತಿ ಹೋಗಿಬರುವ ಎಂಟು ಮೀಟರ್ ದೂರದಲ್ಲಿ ಸುಮಾರು ಒಂದು ವೋಲ್ಟ್ ನುಂಗುತ್ತದೆ. ನಾಲ್ಕು ಚದರ ಮಿಲಿಮೀಟರಿನದಾದರೆ ಅದರ ಮೂರರಲ್ಲೊಂದು. ಹಾಗಾಗಿ ಪಾಸಿಟಿವ್ ತಂತಿಯನ್ನು ದಪ್ಪನಾದದ್ದೇ ತಂದು ನೇರ ಬ್ಯಾಟರಿಯಿಂದ ಎಳೆಯಬೇಕು. ಅದರ ಫ್ಯೂಸ್ ಸೆಟ್ ಪಕ್ಕದಲ್ಲಲ್ಲ, ಬ್ಯಾಟರಿ ಪಕ್ಕದಲ್ಲಿ. ಫ್ಯೂಸ್ ಇರುವುದು ತಂತಿ ಉಜ್ಜಿ ತಗಡಿಗೆ ತಾಗಿದಾಗ ಬೆಂಕಿ ಏಳದಿರಲೆಂದು. ಹೊಸ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಕರೆಂಟ್ ಅಳೆಯುವ ಸೆನ್ಸರ್ ಇದ್ದರೆ ನೆಗೆಟಿವ್ ತಂತಿಯನ್ನು ಆ ಕಂಬಕ್ಕೆ ಕಟ್ಟದೆ ಚಾಸಿಗೆ ಕಟ್ಟಿ. ಇಲ್ಲದಿದ್ದರೆ ಸೆಟ್ ತಿಂದದ್ದು ಕಾರಿನ ಲೆಕ್ಕಕ್ಕೇ ಬರುವುದಿಲ್ಲ.

ಮಾತಿನ ಜೊತೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಕುಂಯ್ ಸದ್ದು ಬಂದರೆ ಅದು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು, ಸಾಮಾನ್ಯವಾಗಿ ಪವರ್ ತಂತಿಯ ದಾರಿಯಲ್ಲೇ ಒಳಬರುತ್ತದೆ. ಕಿಟಕಿ ಕಂಬದ ಹೊದಿಕೆ ಬಿಚ್ಚಿ ಆಂಟೆನಾ ಕೇಬಲ್ ತೂರಿಸುವ ಮುನ್ನ ಅಲ್ಲಿ ಕರ್ಟನ್ ಏರ್‌ಬ್ಯಾಗ್ ಇದೆಯೇ ನೋಡಿ. ಛಾವಣಿಯೆಲ್ಲ ಗಾಜಿನ ಕಾರು ಕೊಂಡಿದ್ದರೆ ಮ್ಯಾಗ್ನೆಟ್ಟಿಗೂ ಜಾಗವಿಲ್ಲ, ಕರೆಂಟಿಗೂ ತಗಡಿಲ್ಲ. ಬಾನೆಟ್ಟಿನ ಅಂಚಿಗೆ ಬ್ರ್ಯಾಕೆಟ್ ಹಾಕಿ, ಬಾನೆಟ್ಟಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿ ಬಿಗಿದು, ಸಿಗ್ನಲ್ ಸ್ವಲ್ಪ ವಾಲುವುದನ್ನು ಒಪ್ಪಿಕೊಳ್ಳಬೇಕು.