ನೋಯದ ಹುಣ್ಣು

ಬೆಂಗಳೂರಿನ ಪೀಣ್ಯದ ಒಂದು ಹಾರ್ಡ್ ಕ್ರೋಮ್ ಶೆಡ್ಡಿನಲ್ಲಿ, ಅಂದರೆ ಲೋಹದ ಭಾಗಗಳಿಗೆ ಕ್ರೋಮಿಯಂನ ದಪ್ಪ ಲೇಪನ ಕೊಡುವಲ್ಲಿ, ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ನನಗೆ ತಮ್ಮ ಬಲಗೈ ತೋರಿಸಿದ್ದರು. ತೋರುಬೆರಳಿನ ಗೆಣ್ಣಿನ ಮೇಲೆ ಒಂದು ಗುಂಡನೆಯ ಗುಳಿ, ಮೆಣಸಿನ ಕಾಳು ಕೂರುವಷ್ಟು. ಅಂಚು ಗಟ್ಟಿಯಾಗಿ ಉಬ್ಬಿಕೊಂಡಿತ್ತು, ನಡುವೆ ಕಪ್ಪು ಹಕ್ಕಳೆ. ನೋಯುವುದಿಲ್ಲವೇ ಎಂದು ಕೇಳಿದೆ. "ಇಲ್ಲ ಸಾರ್, ಅದರ ಪಾಡಿಗೆ ಅದಿರುತ್ತದೆ. ಒಂದು ಕಡೆ ಒಣಗುತ್ತದೆ, ಇನ್ನೊಂದು ಕಡೆ ಏಳುತ್ತದೆ" ಎಂದರು. ಅವರ ಪಕ್ಕದ ಹುಡುಗ ತಾನೂ ಕೈ ಚಾಚಿದ. ಅವನ ಉಗುರಿನ ಬುಡದಲ್ಲೂ ಅಂಥದ್ದೇ ಒಂದು ಗುಳಿ ಶುರುವಾಗಿತ್ತು.

ಈ ಗುಳಿಗೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಗ್ಲಾಸ್ಗೋದ ವೈದ್ಯ ವಿಲಿಯಂ ಕ್ಯುಮಿನ್ 1827ರಲ್ಲೇ ಕ್ರೋಮಿಯಂ ಲವಣಗಳ ಜೊತೆ ದುಡಿಯುವವರ ಕೈಗಳಲ್ಲಿ ಇದನ್ನು ಗುರುತಿಸಿ ಬರೆದಿದ್ದ. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಕ್ರೋಮ್ ಹುಣ್ಣನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ನೋಯದ ಹುಣ್ಣನ್ನು ಯಾರು ವರದಿ ಮಾಡುತ್ತಾರೆ? ನೋವಿದ್ದರೆ ರಜೆ ಹಾಕುತ್ತಾರೆ, ಆಸ್ಪತ್ರೆಗೆ ಹೋಗುತ್ತಾರೆ. ನೋವಿಲ್ಲದಿದ್ದರೆ ಮತ್ತೆ ಅದೇ ಲೇಪನದ ತೊಟ್ಟಿಯ ಪಕ್ಕ ಬಂದು ನಿಲ್ಲುತ್ತಾರೆ. ಈ ರಾಸಾಯನಿಕದ ಅಪಾಯವೆಲ್ಲ ಇಲ್ಲೇ ಅಡಗಿದೆ ಎಂದು ನನಗೆ ಅನ್ನಿಸುತ್ತದೆ.

ತೊಟ್ಟಿಯಲ್ಲಿರುವುದು ಕ್ರೋಮಿಕ್ ಆಸಿಡ್. ಡ್ರಮ್ಮಿನಲ್ಲಿ ಬರುವಾಗ ಅದು ಕಡುಗೆಂಪು ಬಣ್ಣದ ಚಕ್ಕೆ. ರಸಾಯನಶಾಸ್ತ್ರದ ಹೆಸರು ಕ್ರೋಮಿಯಂ ಟ್ರೈಆಕ್ಸೈಡ್. ಒಂದು ಲೀಟರ್ ದ್ರಾವಣದಲ್ಲಿ ಸುಮಾರು 250 ಗ್ರಾಂ ಚಕ್ಕೆ, ಅದರ ನೂರನೇ ಒಂದು ಪಾಲಿನಷ್ಟು ಗಂಧಕಾಮ್ಲ. ಇದನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಚ್ಚಗಿಟ್ಟು, ಸೀಸದ ಪಟ್ಟಿಗಳಿಗೂ ಲೇಪನವಾಗಬೇಕಾದ ವಸ್ತುವಿಗೂ, ಎಸಿ ವಿದ್ಯುತ್ತನ್ನು ಡಿಸಿಗೆ ಬದಲಿಸುವ ರೆಕ್ಟಿಫೈಯರ್‌ನಿಂದ ವಿದ್ಯುತ್ ಕೊಡುತ್ತಾರೆ. ದ್ರಾವಣದ ಬಣ್ಣ ಗಟ್ಟಿ ಕಾಫಿ ಡಿಕಾಕ್ಷನ್‌ನಂತೆ. ಹೈಡ್ರಾಲಿಕ್ ದಂಡಗಳು, ಅಚ್ಚುಗಳು, ಪಿಸ್ಟನ್ ರಿಂಗುಗಳು ಅದರೊಳಗೆ ಗಂಟೆಗಟ್ಟಲೆ ಮುಳುಗಿದ್ದು ಕನ್ನಡಿಯಂತೆ ಹೊಳೆಯುತ್ತಾ ಮೇಲೆ ಬರುತ್ತವೆ.

ಕ್ರೋಮಿಯಂ ಎಂಬ ಮೂಲವಸ್ತುವೇ ಕೆಟ್ಟದ್ದಲ್ಲ. ನಮ್ಮ ಅಡುಗೆಮನೆಯ ಸ್ಟೀಲ್ ಪಾತ್ರೆ ತುಕ್ಕು ಹಿಡಿಯದಿರುವುದು ಅದರಿಂದಲೇ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ನೆಲದಿಂದ ಅಗೆದು ತೆಗೆದ ಕ್ರೋಮೈಟ್ ಅದಿರಿನಲ್ಲೂ ಅದೇ ಕ್ರೋಮಿಯಂ ಇದೆ. ಆದರೆ ಪ್ರತಿ ಪರಮಾಣು ಎಷ್ಟು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟಿದೆ ಎಂಬುದರ ಮೇಲೆ ಅದರ ಸ್ವಭಾವ ಪೂರ್ತಿ ಬದಲಾಗುತ್ತದೆ. ಅದಿರಿನಲ್ಲಿ ಅದು ಮೂರನ್ನು ಬಿಟ್ಟುಕೊಟ್ಟಿರುತ್ತದೆ. ಇದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಜೀವಕೋಶದ ಒಳಗೂ ಅಷ್ಟಾಗಿ ನುಗ್ಗುವುದಿಲ್ಲ. ಅದೇ ಅದಿರನ್ನು ಸೋಡಾದೊಂದಿಗೆ ಬೆರೆಸಿ ಗಾಳಿಯಲ್ಲಿ ಹುರಿದರೆ ಆರು ಎಲೆಕ್ಟ್ರಾನ್ ಬಿಟ್ಟುಕೊಟ್ಟ ಕ್ರೋಮಿಯಂ ಹುಟ್ಟುತ್ತದೆ. ಕ್ರೋಮಿಕ್ ಆಸಿಡ್‌ನಲ್ಲಿ ಇರುವುದು ಈ ಆರರದ್ದು.

ಆರರ ಕ್ರೋಮಿಯಂ ಆಮ್ಲಜನಕದೊಂದಿಗೆ ಸೇರಿ ಕ್ರೋಮೇಟ್ ಆಗಿರುತ್ತದೆ. ಅದರ ಆಕಾರ ಸಲ್ಫೇಟ್‌ನ ಆಕಾರಕ್ಕೆ ಬಹಳ ಹತ್ತಿರ. ಜೀವಕೋಶಕ್ಕೆ ಸಲ್ಫೇಟ್ ಬೇಕು, ಅದಕ್ಕಾಗಿ ಕೋಶದ ಪೊರೆಯಲ್ಲಿ ಬಾಗಿಲುಗಳಿವೆ. ಕ್ರೋಮೇಟ್ ಅದೇ ಬಾಗಿಲಿನಿಂದ ಒಳಗೆ ಹೋಗುತ್ತದೆ. ಒಳಗೆ ವಿಟಮಿನ್ ಸಿ, ಗ್ಲುಟಾಥಯೋನ್ ಮುಂತಾದವು ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಮೂರರ ಕ್ರೋಮಿಯಂ ಆಗಿ ಇಳಿಸುತ್ತವೆ. ಈ ಇಳಿಕೆ ರಕ್ತದಲ್ಲೋ ಜಠರದಲ್ಲೋ ಆಗಿದ್ದರೆ ಒಳ್ಳೆಯದೇ ಆಗುತ್ತಿತ್ತು. ಕೋಶದ ಒಳಗೆ ಆದಾಗ ಮಾತ್ರ ಮೂರರ ಕ್ರೋಮಿಯಂ ಹೊರಗೆ ಬರಲಾರದೆ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ಆರರ ಕ್ರೋಮಿಯಂ ಸಂಯುಕ್ತಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ಮುಖ್ಯವಾಗಿ ಶ್ವಾಸಕೋಶದ ಕ್ಯಾನ್ಸರ್.

ತೊಟ್ಟಿಯಲ್ಲಿರುವ ದ್ರಾವಣ ಶ್ವಾಸಕೋಶಕ್ಕೆ ಹೋಗುವುದು ಹೇಗೆ? ಕ್ರೋಮಿಕ್ ಆಸಿಡ್ ಆವಿಯಾಗಿ ಹಾರುವಂಥದ್ದಲ್ಲ. ಅದನ್ನು ಮೇಲಕ್ಕೆ ಹೊತ್ತು ತರುವುದು ಗುಳ್ಳೆಗಳು. ಕ್ರೋಮ್ ಲೇಪನ ವಿದ್ಯುತ್ತನ್ನು ತುಂಬಾ ಪೋಲು ಮಾಡುವ ಕೆಲಸ. ಕೊಟ್ಟ ವಿದ್ಯುತ್ತಿನಲ್ಲಿ ಸುಮಾರು ಶೇ 15 ಮಾತ್ರ ಲೋಹವನ್ನು ಕೂರಿಸುತ್ತದೆ, ಉಳಿದದ್ದು ನೀರನ್ನು ಒಡೆದು ಹೈಡ್ರೋಜನ್ ಮಾಡುತ್ತದೆ. ಈ ಲೆಕ್ಕದಲ್ಲಿ 1000 ಆಂಪಿಯರ್ ಒಂದು ಗಂಟೆ ಹರಿದರೆ ದಂಡದ ಮೇಲೆ ಕೂರುವ ಕ್ರೋಮಿಯಂ 50 ಗ್ರಾಮಿಗೂ ಕಡಿಮೆ. ಏಳುವ ಹೈಡ್ರೋಜನ್ ಸುಮಾರು 380 ಲೀಟರ್. ಸೀಸದ ಕಡೆಯಿಂದ ಏಳುವ ಆಮ್ಲಜನಕ ಬೇರೆ. ಸೋಡಾ ಲೋಟದ ಮೇಲೆ ಮುಖ ಹಿಡಿದರೆ ಮೂಗಿನ ತುದಿಗೆ ಸಣ್ಣ ಹನಿಗಳು ಸಿಡಿಯುತ್ತವಲ್ಲ, ಹಾಗೆಯೇ ಇಲ್ಲಿ ಒಡೆಯುವ ಪ್ರತಿ ಗುಳ್ಳೆಯೂ ಕ್ರೋಮಿಕ್ ಆಸಿಡ್‌ನ ಅತಿ ಸಣ್ಣ ಹನಿಗಳನ್ನು ಗಾಳಿಗೆ ಎಸೆಯುತ್ತದೆ. ಶೆಡ್ಡಿನ ಗೋಡೆ, ಕಿಟಕಿ ಸರಳುಗಳ ಮೇಲೆ ಹಳದಿ ಮಿಶ್ರಿತ ಕಂದು ಕಲೆ ಕಂಡರೆ ಅದು ಈ ಹನಿಗಳು ಒಣಗಿದ ಗುರುತು. ಗೋಡೆಯ ಮೇಲೆ ಅಷ್ಟು ಕೂತಿದ್ದರೆ ಅಲ್ಲಿ ನಿಂತವರ ಮೂಗಿನಲ್ಲಿ ಎಷ್ಟು ಕೂತಿರಬಹುದು!

ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2006ರಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಎಂಬ ಮಿತಿ ಹಾಕಿತು. ಅಡುಗೆ ಉಪ್ಪಿನ ಒಂದು ಹರಳು ತೂಗುವುದು ಹೆಚ್ಚುಕಡಿಮೆ 60 ಮೈಕ್ರೋಗ್ರಾಂ. ಅಂದರೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಒಂದೇ ಒಂದು ಉಪ್ಪಿನ ಹರಳಿನಷ್ಟು ಆರರ ಕ್ರೋಮಿಯಂ ತೇಲುತ್ತಿದ್ದರೆ ಮಿತಿ ಮುಟ್ಟಿದಂತೆ. ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಇದನ್ನು ತಡೆಯಲಾಗದು.

ತಡೆಯಬೇಕಾದದ್ದು ತೊಟ್ಟಿಯ ಬಾಯಲ್ಲೇ. ಅಂಚಿನುದ್ದಕ್ಕೂ ಸೀಳು ಬಿಟ್ಟ ಹೀರುಕೊಳವೆ ಇರಬೇಕು, ಅದು ಈ ಹನಿಗಳ ಮಂಜನ್ನು ಕೆಲಸಗಾರನ ಮುಖಕ್ಕೆ ಏರುವ ಮೊದಲೇ ಪಕ್ಕಕ್ಕೆ ಎಳೆದು, ಗಾಳಿಯನ್ನು ನೀರಿನಿಂದ ತೊಳೆಯುವ ಸ್ಕ್ರಬ್ಬರ್‌ಗೆ ಕಳಿಸಬೇಕು. ಸೂರಿನಲ್ಲಿ ಕೂರಿಸಿದ ಎಕ್ಸಾಸ್ಟ್ ಫ್ಯಾನ್ ತದ್ವಿರುದ್ಧ ಕೆಲಸ ಮಾಡುತ್ತದೆ: ಮಂಜನ್ನು ಬಗ್ಗಿ ನಿಂತವನ ಮೂಗಿನ ಮುಂದಿನಿಂದಲೇ ಮೇಲಕ್ಕೆ ಎಳೆಯುತ್ತದೆ. ನಾನು ನೋಡಿದ ಸಣ್ಣ ಶೆಡ್ಡುಗಳಲ್ಲಿ ಹೆಚ್ಚಾಗಿ ಇದ್ದದ್ದು ಸೂರಿನ ಫ್ಯಾನೇ. ದ್ರಾವಣದ ಮೇಲೆ ಪ್ಲಾಸ್ಟಿಕ್ ಚೆಂಡುಗಳನ್ನು ತೇಲಿಬಿಡುವುದು ಅಗ್ಗದ ಉಪಾಯ, ಅದೂ ಸಹಾಯಕ್ಕೆ ಬರುತ್ತದೆ.

ಕೈಗೆ ಪಿವಿಸಿ ಗವಸು ಬೇಕು, ಮೊಣಕೈವರೆಗೆ. ಚರ್ಮದ ಗವಸು ಸಲ್ಲದು. ಅದು ದ್ರಾವಣವನ್ನು ಹೀರಿಕೊಂಡು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಕಣ್ಣಿಗೆ ಗಾಗಲ್, ಮುಖಕ್ಕೆ ಕವಚ, ಏಪ್ರನ್, ಗಂಬೂಟು. ಕೆಲಸದ ಬಟ್ಟೆ ಮನೆಗೆ ಹೋಗಬಾರದು, ಏಕೆಂದರೆ ಅದನ್ನು ಒಗೆಯುವ ಕೈಗಳಿಗೆ ಗವಸು ಇರುವುದಿಲ್ಲ. ಚಹಾ, ಬೀಡಿ, ಊಟದ ಡಬ್ಬಿ ಎಲ್ಲವೂ ಶೆಡ್ಡಿನ ಹೊರಗೆ, ಕೈ ತೊಳೆದ ಮೇಲೆ.

ಚೆಲ್ಲಿದರೆ ಏನು ಮಾಡಬೇಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲಿ ಅಭ್ಯಾಸಬಲವೇ ಶತ್ರು. ಎಣ್ಣೆ ಚೆಲ್ಲಿದಾಗ ಮಾಡುವಂತೆ ಬನಿಯನ್ ವೇಸ್ಟ್ ಅಥವಾ ಮರದ ಹೊಟ್ಟು ಹಾಕಿ ಒರೆಸಲು ಎಲ್ಲರ ಕೈಯೂ ಓಡುತ್ತದೆ. ಕ್ರೋಮಿಯಂ ಟ್ರೈಆಕ್ಸೈಡ್ ತಾನು ಉರಿಯುವುದಿಲ್ಲ, ಆದರೆ ಉರಿಯುವ ವಸ್ತುವಿಗೆ ಆಮ್ಲಜನಕ ಕೊಡುತ್ತದೆ. ಒಣ ಚಕ್ಕೆಗಳ ಮೇಲೆ ನಾಲ್ಕು ಹನಿ ಸ್ಪಿರಿಟ್ ಬಿದ್ದರೆ ಬೆಂಕಿಕಡ್ಡಿ ಇಲ್ಲದೆಯೇ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಒರೆಸಿ ಮೂಲೆಗೆಸೆದ ಬಟ್ಟೆ ಗಂಟೆಗಳ ಮೇಲೆ ತಾನಾಗಿ ಹೊತ್ತಿಕೊಳ್ಳಬಹುದು. ಚೆಲ್ಲಿದ್ದಕ್ಕೆ ಒಣ ಮರಳು ಸುರಿಯಬೇಕು. ಡ್ರಮ್ಮನ್ನು ಥಿನ್ನರ್, ಎಣ್ಣೆ, ಗೋಣಿಚೀಲಗಳಿಂದ ದೂರ ಇಡಬೇಕು. ಅದೇ ಶೆಡ್ಡಿನಲ್ಲಿ ಸತು ಅಥವಾ ತಾಮ್ರದ ಸಯನೈಡ್ ತೊಟ್ಟಿ ಇದ್ದರೆ ಎರಡರ ನೀರು ಒಂದೇ ಚರಂಡಿಗೆ ಸೇರಲೇಬಾರದು. ಆಮ್ಲ ಸೋಕಿದ ಸಯನೈಡ್ ಉಸಿರು ನಿಲ್ಲಿಸುವ ಅನಿಲವಾಗುತ್ತದೆ.

ಮೈಮೇಲೆ ಬಿದ್ದರೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ನಿಲ್ಲಬೇಕು. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಗಾಯ ಸಣ್ಣದೆನಿಸಿದರೂ. ಸುಟ್ಟ ಚರ್ಮದ ಮೂಲಕ ಕ್ರೋಮಿಯಂ ರಕ್ತಕ್ಕೆ ಇಳಿದು ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಹೋಗುವಾಗ ಡ್ರಮ್ಮಿನ ಮೇಲಿನ ಹೆಸರನ್ನು ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು, "ಆಸಿಡ್ ಬಿತ್ತು" ಎಂದಷ್ಟೇ ಹೇಳಿದರೆ ಸಾಲದು.

ನೀರಿನ ವಿಷಯವನ್ನೂ ಬಿಡುವಂತಿಲ್ಲ. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಕ್ರೋಮಿಯಂ ಗರಿಷ್ಠ ಮಿತಿ. ಒಂದು ಲೀಟರ್ ತೊಟ್ಟಿ ದ್ರಾವಣದಲ್ಲಿ ಸುಮಾರು 130 ಗ್ರಾಂ ಕ್ರೋಮಿಯಂ ಇರುತ್ತದೆ. ಭಾಗಿಸಿ ನೋಡಿ: ಒಂದೇ ಲೀಟರ್ 26 ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು. ಬೆಂಗಳೂರಿನ 6000 ಲೀಟರ್ ಟ್ಯಾಂಕರ್‌ಗಳ ಲೆಕ್ಕದಲ್ಲಿ 430ಕ್ಕೂ ಹೆಚ್ಚು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕಣ್ಣಿಗೆ ನೀರು ಹಳದಿ ಎನಿಸುವ ಹೊತ್ತಿಗೆ ಈ ಮಿತಿ ಎಷ್ಟೋ ಪಟ್ಟು ದಾಟಿರುತ್ತದೆ. ಇಲ್ಲೂ ಅಪಾಯ ಮುನ್ಸೂಚನೆ ಕೊಡುವುದಿಲ್ಲ.

ಇಷ್ಟಾದರೂ ಇದನ್ನು ಪಳಗಿಸುವ ರಸಾಯನಶಾಸ್ತ್ರ ಸರಳವಾಗಿದೆ. ಲೇಪನವಾದ ವಸ್ತುಗಳನ್ನು ತೊಳೆದ ನೀರನ್ನು ಚೆನ್ನಾಗಿ ಹುಳಿಯಾಗಿಟ್ಟು ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಆರರ ಕ್ರೋಮಿಯಂ ಮೂರಕ್ಕೆ ಇಳಿಯುತ್ತದೆ. ಕಿತ್ತಳೆ ಬಣ್ಣದ ನೀರು ಕಣ್ಣೆದುರೇ ಹಸಿರಾಗುತ್ತದೆ. ಬಳಿಕ ಸುಣ್ಣ ಬೆರೆಸಿದರೆ ಹಸಿರು ಗಸಿ ತಳಕ್ಕೆ ಇಳಿಯುತ್ತದೆ. ಅದನ್ನು ಸೋಸಿ ಅಪಾಯಕಾರಿ ತ್ಯಾಜ್ಯದ ತಾಣಕ್ಕೆ ಕಳಿಸಬೇಕು. ನಲ್ಲಿ, ಹಿಡಿಕೆಗಳಂಥ ಅಲಂಕಾರಿಕ ಲೇಪನಕ್ಕೆ ಮೊದಲಿನಿಂದಲೂ ಮೂರರ ಕ್ರೋಮಿಯಂ ದ್ರಾವಣವನ್ನೇ ಬಳಸುವ ವಿಧಾನವೂ ಚಾಲ್ತಿಯಲ್ಲಿದೆ. ದಪ್ಪ ಹಾರ್ಡ್ ಕ್ರೋಮ್‌ಗೆ ಅದು ಇನ್ನೂ ಅಷ್ಟು ಸುಲಭವಾಗಿ ಒಗ್ಗಿಲ್ಲ.

ಆ ಹಿರಿಯರ ಕೈ ನೋಡಿದ ದಿನ ನಾನು ಮೂಗಿನ ಬಗ್ಗೆಯೂ ಕೇಳಿದ್ದೆ. ಮೊದಲೆಲ್ಲ ಮೂಗಿನಲ್ಲಿ ರಕ್ತ ಬರುತ್ತಿತ್ತು, ಹಕ್ಕಳೆ ಕಟ್ಟುತ್ತಿತ್ತು, ಈಗ ಸರಿಹೋಗಿದೆ ಎಂದರು. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗ ಮೃದ್ವಸ್ಥಿಯದು. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ, ಮೇಲೆ ಹೊದೆದ ತೆಳು ಪೊರೆಯೇ ಅದನ್ನು ಸಾಕುತ್ತದೆ. ಹನಿಗಳು ಕೂತು ಪೊರೆ ಹುಣ್ಣಾದರೆ ಒಳಗಿನ ಮೃದ್ವಸ್ಥಿ ಸದ್ದಿಲ್ಲದೆ ಸಾಯುತ್ತದೆ. ಗೋಡೆ ತೂತಾದ ಮೇಲೆ ರಕ್ತ, ಹಕ್ಕಳೆ ಕಡಿಮೆಯಾಗುವುದುಂಟು. ವಾಸಿಯಾಯಿತು ಎಂದು ಜನ ತಿಳಿಯುತ್ತಾರೆ. ಕೆಲವರಿಗೆ ಉಸಿರಾಡುವಾಗ ಸಣ್ಣ ಸಿಳ್ಳೆಯ ಸದ್ದು ಬರುತ್ತದೆ, ಅಷ್ಟೇ. ಪರೀಕ್ಷೆಗೆ ಬೇಕಾದದ್ದು ಒಂದು ಪುಟ್ಟ ಟಾರ್ಚ್ ಮತ್ತು ಎರಡು ನಿಮಿಷ. ಕಿವಿ-ಮೂಗು-ಗಂಟಲಿನ ವೈದ್ಯರು ಒಂದು ಹೊಳ್ಳೆಗೆ ಬೆಳಕು ಹಿಡಿದು ಇನ್ನೊಂದರಲ್ಲಿ ಇಣುಕುತ್ತಾರೆ. ಆ ಹಿರಿಯರ ಮೂಗಿನಲ್ಲಿ ಬೆಳಕು ಈ ಕಡೆಯಿಂದ ಆ ಕಡೆಗೆ ನೇರವಾಗಿ ಹಾದುಬಂದಿತ್ತು.