ಖಾಲಿ ಗುಂಡಿಯನ್ನೂ ಬರೆದಿಡಿ

"ಸಾರ್, ಇಲ್ಲಿ ಒಂದು ಹುಳಾನೂ ಇಲ್ಲ, ಆ ಹಾಲುವಾಣದ ಮರದ ಬುಡದಲ್ಲಿ ಅಗೆಯೋಣ." ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಎರೆಹುಳ ಎಣಿಸಲು ಹೊರಟಾಗ ಈ ಮಾತು ಬಂದೇ ಬರುತ್ತದೆ. ಅದಕ್ಕೆ ಒಪ್ಪಿದಿರೋ, ಸಮೀಕ್ಷೆ ಅಲ್ಲಿಗೇ ಕೆಟ್ಟಿತು.

ಲೆಕ್ಕ ಹಾಕಿ ನೋಡಿ. ತಲಾ 25 ಸೆಂ.ಮೀ. ಉದ್ದ, ಅಗಲದ 12 ಗುಂಡಿಗಳಲ್ಲಿ ಐದು ಖಾಲಿ, ಉಳಿದ ಏಳರಲ್ಲಿ ಒಟ್ಟು 36 ಹುಳ ಅಂದುಕೊಳ್ಳಿ. ಗುಂಡಿಗೆ ಸರಾಸರಿ 3. ಅಂಥ 16 ಗುಂಡಿ ಸೇರಿದರೆ ಒಂದು ಚದರ ಮೀಟರ್, ಅಂದರೆ 48 ಹುಳ. ಖಾಲಿ ಗುಂಡಿ ಕೈಬಿಟ್ಟರೆ ಅದೇ ತೋಟ 82 ತೋರಿಸುತ್ತದೆ. ಮುಂದಿನ ವರ್ಷ ನಿಮ್ಮ ಮುಚ್ಚಿಗೆ (ಮಣ್ಣಿನ ಮೇಲೆ ಹೊದಿಸಿದ ದರಗು, ಅಂದರೆ ಒಣ ಎಲೆ) ಫಲಿಸಿ ಆ ಐದರಲ್ಲೂ ಎರಡೆರಡು ಹುಳ ಬಂದವೆನ್ನಿ. ಒಟ್ಟು 46, ಚದರ ಮೀಟರಿಗೆ 61. ನಿಜಕ್ಕೂ ಸುಧಾರಿಸಿದ ತೋಟ ಪುಸ್ತಕದಲ್ಲಿ 82ರಿಂದ 61ಕ್ಕೆ ಕುಸಿದಿರುತ್ತದೆ! ವರ್ಷವಿಡೀ ದರಗು ಹೊತ್ತು ಹಾಕಿದವರಿಗೆ ಇದಕ್ಕಿಂತ ಅನ್ಯಾಯ ಬೇಡ.

ಆದ್ದರಿಂದ ಜಾಗವನ್ನು ಕಣ್ಣು ಆರಿಸಬಾರದು, ಚೀಟಿ ಆರಿಸಬೇಕು. ಒಂದು ಚೀಟಿಗೆ ಕಾಫಿ ಸಾಲು, ಇನ್ನೊಂದಕ್ಕೆ ಸಾಲಿನ ಎಷ್ಟನೇ ಗಿಡ, ಮೂರನೆಯದಕ್ಕೆ ಬುಡದಿಂದ ಎಷ್ಟು ಅಡಿ, ಯಾವ ದಿಕ್ಕು. ಈ ಮೂರನೆಯದನ್ನು ಬಿಡುವವರೇ ಹೆಚ್ಚು. ಗೊಬ್ಬರ ಬೀಳುವ ಬುಡದ ಸುತ್ತಲ ಮಣ್ಣು ಬೇರೆ, ಸಾಲಿನ ನಡುವಿನದು ಬೇರೆ. ಚೀಟಿಯನ್ನು ಮನೆಯಲ್ಲೇ ಎತ್ತಿ ಬರೆದುಕೊಂಡು ತೋಟಕ್ಕೆ ಇಳಿಯಿರಿ. ಬಂಡೆಯೋ ರಸ್ತೆಯೋ ಬಂದರೆ ಮಾತ್ರ ಬೇರೆ ಚೀಟಿ. ಬರಡು ಮಣ್ಣು ಬಂದರೆ ಅಲ್ಲೇ ಅಗೆಯಿರಿ.

ಆಳ 30 ಸೆಂ.ಮೀ. ಇರಲಿ. ನಿಧಾನಿಸಿದರೆ ಹುಳ ಕೆಳಗೆ ಜಾರುತ್ತವೆ, ಹಾಗಾಗಿ ಸಲಿಕೆಯಿಂದ ನಾಲ್ಕೂ ಬದಿ ಕಡಿದು ಮಣ್ಣನ್ನು ಬೇಗ ಬಿಳಿ ಚೀಲದ ಮೇಲೆ ಸುರಿದು ಕೈಯಲ್ಲೇ ಹೆಂಟೆ ಒಡೆಯಿರಿ. ತುಂಡಾದ ಹುಳವಿದ್ದರೆ ತಲೆ ಇರುವ ತುಂಡನ್ನಷ್ಟೇ ಎಣಿಸಿ. ಮೊದಲ ಎರಡು ಗುಂಡಿಯ ಮಣ್ಣನ್ನು ಇನ್ನೊಬ್ಬರು ಮತ್ತೆ ಜಾಲಾಡಲಿ. ಮರಿಹುಳ ಎಷ್ಟು ತಪ್ಪಿಹೋಗುತ್ತಿವೆ ಎಂಬುದು ಆಗಲೇ ಗೊತ್ತಾಗೋದು.

ಮಳೆ ಇಳಿದು ಮಣ್ಣು ಹಸಿಯಿರುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಣಿಸಿದ್ದನ್ನು ಮಾರ್ಚಿನ ಎಣಿಕೆಗೆ ಹೋಲಿಸಬೇಡಿ. ಒಣಮಣ್ಣಿನಲ್ಲಿ ಹುಳ ಸತ್ತಿರಬೇಕಿಲ್ಲ, ಆಳಕ್ಕೆ ಇಳಿದಿರಬಹುದು. ಹನ್ನೆರಡು ಗುಂಡಿಯ ಲೆಕ್ಕ ನಿಮ್ಮದೇ ತೋಟದ ವರ್ಷವರ್ಷದ ಅಂದಾಜಿಗೆ ಸಾಕಾದೀತು; ಅದನ್ನು ಹಿಡಿದು ಪಕ್ಕದ ತೋಟದವರ ಜೊತೆ ವಾದಕ್ಕೆ ಇಳಿಯಬೇಡಿ.

ಎಣಿಸಿದ ಹುಳಗಳನ್ನು ಅದೇ ಗುಂಡಿಗೆ ಬಿಟ್ಟು, ಮಣ್ಣು ತುಂಬಿ, ಬಿಸಿಲು ತಾಗದ ಹಾಗೆ ಮೇಲೆ ದರಗು ಹರಡಿ.