ರೊಟ್ಟಿ ಬೆಂದರೂ ವಿಷ ಬೇಯದು

1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಆಂಧ್ರ, ಕರ್ನಾಟಕದ ಹಳ್ಳಿಗಳಲ್ಲಿ ರೊಟ್ಟಿ ತಿಂದೆದ್ದವರಿಗೆ ಸ್ವಲ್ಪ ಹೊತ್ತಿಗೇ ಹೊಟ್ಟೆ ನುಲಿಯತೊಡಗಿತು. ಗುಡುಗುಡು ಸದ್ದು, ಆಮೇಲೆ ಭೇದಿ. ಸಮೀಕ್ಷೆ ನಡೆಸಿದ 50 ಹಳ್ಳಿಗಳಲ್ಲಿ 27ರಲ್ಲಿ ಇದೇ ಪಾಡು, ನರಳಿದವರು 1,400ಕ್ಕೂ ಮಿಕ್ಕಿ ಮಂದಿ. ಕೊಯ್ಲಿಗೆ ಬಂದ ಜೋಳ, ಮೆಕ್ಕೆಜೋಳ ಅಕಾಲದ ಮಳೆಗೆ ಸಿಕ್ಕಿ ಬೂಸ್ಟು ಹಿಡಿದಿದ್ದವು. ಕಾಳಿನಲ್ಲಿ ಸಿಕ್ಕಿದ್ದು ಫ್ಯುಸೇರಿಯಂ ಶಿಲೀಂಧ್ರ ಉಣಿಸಿದ ಫ್ಯುಮೋನಿಸಿನ್ ವಿಷ.

‘ಚೆನ್ನಾಗಿ ಬೇಯಿಸಿದರೆ ಏನೂ ಆಗಲ್ಲ’ ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಅದು ಅಪಾಯಕಾರಿ ನಂಬಿಕೆ. ಬೆಂಕಿಗೆ ಸಾಯುವುದು ಶಿಲೀಂಧ್ರ ಮಾತ್ರ. ಹಾವನ್ನು ಹೊಡೆದು ಕೊಂದರೂ ಕಚ್ಚಿಸಿಕೊಂಡವನ ಮೈಗೇರಿದ ವಿಷ ಇಳಿಯುವುದುಂಟೇ? ಬೂಸ್ಟಿನ ಇನ್ನೊಂದು ವಿಷ ಅಫ್ಲಟಾಕ್ಸಿನ್ ಕರಗುವುದೇ ಸುಮಾರು 268 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುಕ್ಕರಿನ ಶಾಖ 120ರ ಹತ್ತಿರ. ಹಂಚು ಎಷ್ಟೇ ಕಾದರೂ, ತೇವ ಇರುವ ತನಕ ರೊಟ್ಟಿಯ ಒಡಲು 100ರ ಆಸುಪಾಸಿನಲ್ಲೇ ಇರುತ್ತದೆ. ಬೂಸ್ಟು ಬಂದ ಮೇಲೆ ಬಿಸಿಲಿಗೆ ಹರವಿದರೂ ಅಷ್ಟೇ: ಹೊಸ ಬೂಸ್ಟು ಬೆಳೆಯದು, ಆಗಲೇ ಕೂತ ವಿಷ ಕದಲದು.

ಅಫ್ಲಟಾಕ್ಸಿನ್ ಬೆಳಕಿಗೆ ಬಂದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಮರಿಗಳು ಸತ್ತಾಗ. ಕಾರಣ ತಿಳಿಯದೆ ‘ಎಕ್ಸ್ ರೋಗ’ ಎಂದರು. ಕೊನೆಗೆ ಜಾಡು ಹಿಡಿದು ಹೋದರೆ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. 1974ರಲ್ಲಿ ರಾಜಸ್ಥಾನದ ಬನ್ಸ್‌ವಾಡಾ, ಗುಜರಾತಿನ ಪಂಚಮಹಲ್‌ನಲ್ಲಿ ಮನುಷ್ಯರ ಸರದಿ. ಬೂಸ್ಟು ಹಿಡಿದ ಮೆಕ್ಕೆಜೋಳ ಉಂಡ 397 ಮಂದಿಗೆ ಕಾಮಾಲೆ, ಹೊಟ್ಟೆಯಲ್ಲಿ ನೀರು. 106 ಮಂದಿ ಸತ್ತರು. ಅದೇ ಮನೆಗಳ ಊಟ ತಿಂದ ನಾಯಿಗಳಿಗೂ ಹೊಟ್ಟೆ ಉಬ್ಬಿತು. ಇಂದು ನಮ್ಮ ದೇಶದಲ್ಲಿ ಧಾನ್ಯಕ್ಕೆ ಕಿಲೋಗೆ 15 ಮೈಕ್ರೋಗ್ರಾಂ ಮಿತಿ. ಅಂದಿನ ಕೆಲವು ಕಾಳುಗಳಲ್ಲಿ ಇದರ ಸಾವಿರ ಪಟ್ಟು ಇತ್ತು.

ಯಕೃತ್ತಿನ ಮೇಲೇ ಏಕೆ ಈ ಪೆಟ್ಟು? ಅಲ್ಲಿ ನಡೆಯುವುದು ವಿಚಿತ್ರ. ನೀರಿಗೆ ಒಗ್ಗದ ವಸ್ತುವಿಗೆ ಆಮ್ಲಜನಕ ಸೇರಿಸಿ, ಕರಗುವಂತೆ ಮಾಡಿ ಹೊರಹಾಕುವುದು ಯಕೃತ್ತಿನ ಕಿಣ್ವಗಳ ಕಸುಬು. ಅಫ್ಲಟಾಕ್ಸಿನ್‌ನ ಒಂದು ಬಗೆಯಾದ ಬಿ1 ಬಂದರೂ ಹಾಗೇ ಮಾಡುತ್ತವೆ. ಆದರೆ ಅದು ಮೊಂಡು ಕುಡುಗೋಲಿಗೆ ಸಾಣೆ ಹಿಡಿದು ಕಳ್ಳನ ಕೈಗೇ ಕೊಟ್ಟಂತೆ. ಹೀಗೆ ಆಮ್ಲಜನಕ ಸೇರಿ ಹರಿತವಾದ, ಎಪಾಕ್ಸೈಡ್ ಎಂಬ ಅದರ ರೂಪ ನೇರ ಡಿಎನ್‌ಎ ಒಳಗೆ ನುಗ್ಗಿ ಗ್ವಾನಿನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಗ್ಲುಟಥಯೋನ್ ಎಂಬ ಕಾವಲುಗಾರ ಮೊದಲೇ ತಡೆದರೆ ಸರಿ. ತಡೆಯದಿದ್ದರೆ, ಮುಂದೆ ಡಿಎನ್‌ಎ ನಕಲಾಗುವಾಗ ಆ ಅಕ್ಷರವೇ ತಪ್ಪಾಗಿ ಬೀಳುತ್ತದೆ. ಹೀಗೆ ತಪ್ಪು ಬೀಳುವ ಒಂದು ಮೆಚ್ಚಿನ ಜಾಗ ಪಿ53 ವಂಶವಾಹಿಯ 249ನೇ ಪದ. ಪಿ53 ಎಂದರೆ ಜೀವಕೋಶದ ಮೂಗುದಾರ. ಹರಿದರೆ ಕೋಶ ಲಂಗುಲಗಾಮಿಲ್ಲದೆ ಒಡೆದು ಒಡೆದು ಹೆಚ್ಚುತ್ತದೆ. ಅದೇ ಯಕೃತ್ತಿನ ಕ್ಯಾನ್ಸರ್. ಹೆಪಟೈಟಿಸ್ ಬಿ ಇರುವವರಿಗೆ ಈ ಅಪಾಯ ಹಲವು ಪಟ್ಟು.

ಹಾಗಾದರೆ ತಡೆಯುವುದು ಕಣದಲ್ಲೇ. ಮೆಕ್ಕೆಜೋಳದ ತೇವ 13 ಪ್ರತಿಶತಕ್ಕಿಂತ ಕೆಳಗಿಳಿಯಬೇಕು. 20 ಪ್ರತಿಶತ ತೇವದ ಒಂದು ಕ್ವಿಂಟಲ್ ಕಾಳು ಸರಿಯಾಗಿ ಒಣಗಿದರೆ ತೂಕ ಸುಮಾರು 92 ಕಿಲೋ. ಅಂದರೆ 8 ಲೀಟರ್ ನೀರು ಹಾರಿಹೋಗಬೇಕು. ಬರಿ ನೆಲದ ಮೇಲೆ ಬೇಡ, ತಾಡಪತ್ರಿ ಹಾಸಿ ಎರಡು ಬೆರಳ ದಪ್ಪ ಹರವಿ, ಆಗಾಗ ತಿರುವಿ ಹಾಕಿ. ಸಂಜೆ ಇಬ್ಬನಿಗೆ ಮುಂಚೆ ಗುಡ್ಡೆ ಮಾಡಿ ಮುಚ್ಚಿ. ಮೀಟರ್ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಇದೆ: ಒಣ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಒಣ ಉಪ್ಪು ಹಾಕಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15 ಪ್ರತಿಶತಕ್ಕಿಂತ ಹೆಚ್ಚು, ಇನ್ನೂ ಒಣಗಿಸಿ. ಅಂಟದಿದ್ದರೂ 13ಕ್ಕೆ ಇಳಿದಿದೆ ಎಂದಲ್ಲ, ಇನ್ನೊಂದು ಬಿಸಿಲು ಕೊಡುವುದು ಒಳ್ಳೆಯದು. ಬಿಸಿಲಿನ ಕಾವು ಆರದೆ ಚೀಲಕ್ಕೆ ತುಂಬಿದರೆ ಕಾಳು ಒಳಗೇ ಬೆವರುತ್ತದೆ, ಬೂಸ್ಟು ಅಲ್ಲಿಂದ ಶುರು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಒಟ್ಟಿ.

ಹುಳ ತಿಂದ, ಸುಕ್ಕಿದ, ಬಣ್ಣಗೆಟ್ಟ ಕಾಳುಗಳನ್ನು ಆರಿಸಿ ತೆಗೆದರೆ ವಿಷದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಆದರೆ ಆರಿಸಿದ್ದನ್ನು ಎಮ್ಮೆಯ ಬಾನಿಗೆ ಸುರಿಯುವವರೇ ಹೆಚ್ಚು. ಬಿ1 ಅದರ ಯಕೃತ್ತಿನಲ್ಲಿ ಎಂ1 ಎಂಬ ಇನ್ನೊಂದು ಅಫ್ಲಟಾಕ್ಸಿನ್ ಆಗಿ, ಒಂದೇ ದಿನದೊಳಗೆ ಹಾಲಿಗೆ ಇಳಿಯುತ್ತದೆ. ಕಾಯಿಸಿದರೆ ಅದೂ ಹೋಗದು.